ಸೇತುವೆಯಲ್ಲಿ ಎಸೆದ ಕ್ಯಾಸೆಟ್

ಆ ಕ್ಯಾಸೆಟ್ಟನ್ನು ಕಸ್ಟಮ್ಸ್‌ನವರು ತೆಗೆದುಕೊಳ್ಳಲಿಲ್ಲ. ನಾನೇ ಎಸೆದೆ. ಬಹರೈನ್‌ನಿಂದ ಸೌದಿಗೆ ಬರುವ ಸೇತುವೆಯ ನಡುವೆ ಒಂದು ದ್ವೀಪವಿದೆ. ಅಲ್ಲಿ, ತಪಾಸಣೆಯ ಸಾಲಿಗೆ ಮೊದಲೇ, ಶೌಚಾಲಯದ ಪಕ್ಕದ ಕಸದ ಡ್ರಮ್ಮಿನೊಳಗೆ ನನ್ನ ಕೈಯಿಂದಲೇ ಹಾಕಿದೆ. ಮೇಲೆ ಒಂದು ಹಳೆಯ ದಿನಪತ್ರಿಕೆ ಮುಚ್ಚಿದೆ. ಮುಚ್ಚಿದ್ದು ನಿಜವೋ, ನೆನಪು ಆಮೇಲೆ ಸೇರಿಸಿಕೊಂಡದ್ದೋ — ಹೇಳಲಾರೆ. ಎಸೆದದ್ದು ಮಾತ್ರ ನಿಜ.

ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಅದಕ್ಕಾಗಿಯೇ ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತ ಬಂದೆ. ಏನಾಯಿತೆಂದು ಸಂಶಯ ಬಂದಾಗ ಪುಟ ತಿರುಗಿಸಿದರೆ ಸಾಕು, ಅಲ್ಲಿರುತ್ತದೆ. ಆದರೆ ಆ ಗುರುವಾರದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: “ಕಸ್ಟಮ್ಸ್‌ನಲ್ಲಿ ಡಗ್ಲಸ್ ಅವರ ಕ್ಯಾಸೆಟ್ ತೆಗೆದುಕೊಂಡರು. ಏನೂ ಮಾಡಲಾಗಲಿಲ್ಲ. ಗಾಳಿ ಜೋರು.” ಗಾಳಿ ಜೋರಾಗಿದ್ದದ್ದು ನಿಜ. ಉಳಿದೆರಡು ವಾಕ್ಯ ಸುಳ್ಳು. ಯಾರೂ ಓದದ ಪುಸ್ತಕದಲ್ಲಿ, ಕೋಣೆಯಲ್ಲಿ ಒಬ್ಬನೇ ಕುಳಿತು, ಯಾರಿಗಾಗಿ ಸುಳ್ಳು ಬರೆದೆ? ಈ ಪ್ರಶ್ನೆಯೆದುರು ನಾನು ಪ್ರತಿಸಲವೂ ನಿಂತುಬಿಡುತ್ತೇನೆ.

ತೊಂಬತ್ತರ ದಶಕದ ನಡುವಿನ ವರ್ಷಗಳವು. ದಹ್ರಾನ್‌ನಲ್ಲಿ ಒಂದು ತೈಲ ಕಂಪನಿಯ ಮಾಪಕಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಒತ್ತಡ, ಉಷ್ಣಾಂಶ, ಹರಿವು ಅಳೆಯುವ ಉಪಕರಣಗಳು ಸರಿಯಾಗಿ ಹೇಳುತ್ತಿವೆಯೋ ಇಲ್ಲವೋ ಎಂದು ನೋಡುವುದು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿದವನಿಗೆ ಒಪ್ಪುವ ಕೆಲಸವೇ. ಹೆಂಡತಿ ಸುಮಿತ್ರಾ ಮೈಸೂರಿನಲ್ಲಿದ್ದಳು. ಅವಳನ್ನು ಕರೆಸಿಕೊಳ್ಳುವ ವೀಸಾದ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿತ್ತು. ಅಲ್ಲಿಯವರೆಗೆ ಒಂಟಿ ಗಂಡಸರ ವಸತಿಯಲ್ಲಿ ನನಗೊಂದು ಕೋಣೆ. ರಜೆಯ ದಿನವಾದ ಶುಕ್ರವಾರಗಳು ಬಹಳ ಉದ್ದ. ಬಟ್ಟೆ ಒಗೆದು, ಒಣಗಿಸಿ, ಮಡಿಚಿ, ಪತ್ರ ಬರೆದು ಮುಗಿಸಿದರೂ ಇನ್ನೂ ಹನ್ನೊಂದು ಗಂಟೆ.

ಡಗ್ಲಸ್ ನನ್ನ ಮೇಲಧಿಕಾರಿ, ಕೆನಡಾದವರು. ಅವರೂ ಒಂಟಿಯೇ. ಅಲ್ಲಿ ದೊಡ್ಡ ಮಕ್ಕಳಿಗೆ ಶಾಲೆ ಇಲ್ಲದ್ದರಿಂದ ಹೆಂಡತಿ, ಮಗಳು ಊರಿಗೆ ಮರಳಿದ್ದರು. ಮಗಳ ಹೆಸರು ಕೆರಿ. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಎಂಬ ಆಟ ಅವಳದು. ನಾನು ಹೆಸರೂ ಕೇಳಿರಲಿಲ್ಲ. ಡಗ್ಲಸ್ ಊಟದ ಬಿಡುವಿನಲ್ಲಿ ಮೇಜಿನ ಮೇಲೆ ಉಪ್ಪಿನ ಡಬ್ಬಿ ಜಾರಿಸಿ ತೋರಿಸಿಕೊಟ್ಟರು. ಒಬ್ಬರು ಹಿಡಿಕೆಯಿರುವ ಭಾರದ ಕಲ್ಲನ್ನು ಜಾರಿಬಿಡುತ್ತಾರೆ. ಇಬ್ಬರು ಅದರ ಮುಂದೆ ಓಡುತ್ತ ಪೊರಕೆಯಿಂದ ಮಂಜುಗಡ್ಡೆಯನ್ನು ಉಜ್ಜುತ್ತಾರೆ. ಉಜ್ಜಿದಷ್ಟೂ ಕಲ್ಲು ಮುಂದೆ ಹೋಗುತ್ತದೆ, ದೂರದ ವೃತ್ತದೊಳಗೆ ನಿಲ್ಲಬೇಕು. ಪೊರಕೆ ಮಾತ್ರ ಕಲ್ಲಿಗೆ ತಾಗಬಾರದು.

“ತಾಗಿದರೆ?”

“ತಾಗಿಸಿದವರೇ ಕೈಯೆತ್ತಿ ಹೇಳಬೇಕು. ಆ ಕಲ್ಲು ಹೋಯಿತು.”

“ಯಾರೂ ನೋಡದಿದ್ದರೆ?”

ಡಗ್ಲಸ್‌ಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. ಒಂದು ಕ್ಷಣ ನನ್ನ ಮುಖ ನೋಡಿ, “ತಾಗಿಸಿದವರಿಗೆ ಗೊತ್ತಿರುತ್ತದಲ್ಲ,” ಎಂದರು.

ಆ ಚಳಿಗಾಲದ ಕೊನೆಗೆ ಕೆರಿಯ ತಂಡ ಅವರ ದೇಶದ ಕಿರಿಯರ ರಾಷ್ಟ್ರೀಯ ಪಂದ್ಯಾವಳಿಗೆ ಆಯ್ಕೆಯಾಯಿತು. ಹುಡುಗರ ತಂಡಗಳು, ಹುಡುಗಿಯರ ತಂಡಗಳು ಒಂದೇ ಊರಿನಲ್ಲಿ ಒಂದು ವಾರ ಆಡುವ ದೊಡ್ಡ ಪಂದ್ಯ. ಡಗ್ಲಸ್‌ಗೆ ರಜೆ ಸಿಗಲಿಲ್ಲ. ಇಕಾಮಾ, ಅಂದರೆ ಅಲ್ಲಿ ನೆಲೆಸುವ ಪರವಾನಗಿ, ನವೀಕರಣಕ್ಕೆ ಹೋಗಿತ್ತು, ಪಾಸ್‌ಪೋರ್ಟ್ ಕಚೇರಿಯಲ್ಲಿತ್ತು. ಪ್ರತಿದಿನ ಬೆಳಿಗ್ಗೆ ಫ್ಯಾಕ್ಸ್ ಯಂತ್ರದ ಬಳಿ ನಿಂತಿರುತ್ತಿದ್ದರು. ಗೆದ್ದ ದಿನ ನನಗೂ ಒಂದು ಡೋನಟ್. ಸೆಮಿಫೈನಲ್‌ನ ಮರುದಿನ ಡೋನಟ್ ಇರಲಿಲ್ಲ. ಎರಡು ವಾರದ ಮೇಲೆ ಕೆರಿಯ ಪತ್ರ ಬಂತು. ಅದನ್ನು ಅವರು ನನಗೆ ಓದಿ ಹೇಳಿದರು — ಅಥವಾ ಓದಲು ಕೊಟ್ಟರೋ. ಕಾಗದ ತಿಳಿನೀಲಿ ಎಂದು ನೆನಪು.

ಕೊನೆಯ ಕಲ್ಲು. ಅದು ವೃತ್ತದೊಳಗೆ ನಿಂತಿದ್ದರೆ ಗೆಲುವು ಅವರದು. ಉಜ್ಜುತ್ತಿದ್ದವಳು ಕೆರಿ. ನಡುದಾರಿಯಲ್ಲಿ ಅವಳು ಕೈಯೆತ್ತಿ “ತಾಗಿಸಿದೆ” ಎಂದಳು. ಕಲ್ಲು ತೆಗೆದರು, ಪಂದ್ಯ ಹೋಯಿತು. ಜೊತೆಯ ಮೂವರು ಹುಡುಗಿಯರು ತಾಗಲೇ ಇಲ್ಲ ಎನ್ನುತ್ತಿದ್ದರು. ಅವಳೊಡನೆ ಮಾತು ಬಿಟ್ಟಿದ್ದರು. ಈಗ ಅವಳಿಗೂ ಸಂಶಯ. ಅವಳ ಸೋದರಮಾವ ಆ ಆಟವನ್ನು ವಿಡಿಯೊ ಕ್ಯಾಮೆರಾದಲ್ಲಿ ತೆಗೆದಿದ್ದ. ಕ್ಯಾಮೆರಾದಿಂದ ಹೊರಬಂದ ಆ ಒಂದೇ ಕ್ಯಾಸೆಟ್, ಬೇರೆ ಪ್ರತಿಯಿಲ್ಲ. ಅವಳು ಅದನ್ನು ಯಾರಿಗೂ ನೋಡಗೊಡದೆ ಅಪ್ಪನಿಗೆ ಕಳಿಸಿದ್ದಳು. “ನಾನು ನೋಡುವುದಿಲ್ಲ, ಅಪ್ಪ. ನೋಡಿದರೆ ನನಗೆ ಬೇಕಾದದ್ದೇ ಕಾಣಿಸುತ್ತದೆ. ನೀನು ನೋಡಿ ಹೇಳು.”

ಹದಿನೇಳರ ಹುಡುಗಿ. ನನಗೆ ಈಗಲೂ ಅಷ್ಟು ಬುದ್ಧಿ ಬಂದಿಲ್ಲ.

ಅಂಚೆಯಲ್ಲಿ ಬಂದ ಕ್ಯಾಸೆಟ್‌ಗಳು ತಪಾಸಣೆಗೆ ಹೋಗಿ ವಾರಗಟ್ಟಲೆ ನಿಲ್ಲುತ್ತಿದ್ದವು. ಹಾಗಾಗಿ ಬಹರೈನ್‌ಗೆ ಬರುವ ಪರಿಚಯದವರ ಕೈಯಲ್ಲಿ ಅದು ಬಂತು. ಬಿಡಿಭಾಗ ತರಲು ಕಂಪನಿಯ ಪಿಕಪ್‌ನಲ್ಲಿ ನಾನು ಆಗಾಗ ಸೇತುವೆ ದಾಟುತ್ತಿದ್ದೆ. ಮನಾಮಾದಲ್ಲಿ ಪುತ್ತೂರಿನ ಹಮೀದರ ಎಲೆಕ್ಟ್ರಾನಿಕ್ಸ್ ಅಂಗಡಿ, ನಾನು ಹೋದಾಗಲೆಲ್ಲ ಚಹಾ ಕುಡಿಯುವ ಜಾಗ. ಬಂದವರು ಕ್ಯಾಸೆಟ್ಟನ್ನು ಅಲ್ಲಿ ಕೊಟ್ಟುಹೋಗಿದ್ದರು. ಕೆನಡಾದ ಕ್ಯಾಸೆಟ್ ಎಲ್ಲ ಯಂತ್ರದಲ್ಲೂ ಓಡುವುದಿಲ್ಲ, ಚಿತ್ರ ಬರುತ್ತದೆಯೇ ನೋಡಿಕೊಂಡು ಬಾ ಎಂದು ಡಗ್ಲಸ್ ಹೇಳಿದ್ದರು.

ಹಮೀದರು ಹಾಕಿದರು. ಚಿತ್ರ ಬಂತು. ನಾವು ನಿಲ್ಲಿಸಲಿಲ್ಲ.

“ಎಂತ ಆಟ ಮಾರಾಯ್ರೆ ಇದು, ನೆಲ ಗುಡಿಸುವುದು? ನಮ್ಮ ಉಮ್ಮ ಐವತ್ತು ವರ್ಷ ಆಡಿದ್ದಾರೆ, ಒಂದು ಕಪ್ ಕೊಡ್ಲಿಲ್ಲ ಯಾರೂ.”

ನಾನು ನಕ್ಕು, ಕೆರಿ ಅಪ್ಪನ ಉತ್ತರಕ್ಕೆ ಕಾಯುತ್ತಿರುವುದನ್ನು ಹೇಳಿದೆ. ಕೊನೆಯ ಕಲ್ಲು ಬಂದಾಗ ಇಬ್ಬರೂ ಟೀವಿಯ ಹತ್ತಿರಕ್ಕೆ ಸರಿದೆವು. ಉದ್ದ ಜಡೆಯ ಹುಡುಗಿ ಬಗ್ಗಿ ಉಜ್ಜುತ್ತಿದ್ದಾಳೆ. ಇದ್ದಕ್ಕಿದ್ದಂತೆ ನೆಟ್ಟಗೆ ನಿಂತು ಕೈಯೆತ್ತುತ್ತಾಳೆ. ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆವು. ಮೂರನೆಯ ಸಲ ಹಮೀದರು ನಿಧಾನವಾಗಿ ಓಡಿಸಿದರು. ಪೊರಕೆಯ ಅಂಚು ಕಲ್ಲಿನ ಬಳಿ ಬಂದಾಗ ಕಲ್ಲಿನ ಹಿಡಿಕೆ ಒಂದಿಷ್ಟೇ ಅದುರಿತು.

“ತಾಗಿತು,” ಎಂದರು ಹಮೀದ್.

“ತಾಗಿತು,” ಎಂದೆ ನಾನೂ.

ಕ್ಯಾಸೆಟ್ ಕಾಗದದಲ್ಲಿ ಸುತ್ತಿ ಕೊಡುವಾಗ ಅವರು ತಮಾಷೆ ಮಾಡಿದರು. “ಹುಡುಗಿಯರು ಆಡುವ ಕ್ಯಾಸೆಟ್ ಹಿಡ್ಕೊಂಡು ಸೇತುವೆ ದಾಟ್ತೀರಾ ಸಾರ್? ಧೈರ್ಯ ಉಂಟು ನಿಮಗೆ. ಹಿಡಿದ್ರೆ ಇಕಾಮಾವೂ ಇಲ್ಲ, ಸುಮಿತ್ರಕ್ಕನ ವೀಸಾವೂ ಇಲ್ಲ. ಸೀದಾ ಮೈಸೂರು.”

ಅಷ್ಟೇ. ಅವರ ಮಟ್ಟಿಗೆ ಅಲ್ಲಿಗೆ ಮುಗಿದ ಮಾತು. ಸೇತುವೆಯ ಮೇಲೆ ಗಾಳಿಗೆ ಪಿಕಪ್ ಅಲುಗುತ್ತಿತ್ತು. ಪಕ್ಕದ ಸೀಟಿನಲ್ಲಿ ಆ ಪೊಟ್ಟಣ. ಕೋಟು ತೊಟ್ಟು ಕಲ್ಲು ಜಾರಿಸುವ ಹುಡುಗಿಯರಲ್ಲಿ ಆಕ್ಷೇಪಿಸಲು ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ತಪಾಸಣೆಯಲ್ಲಿ ಯಾರೋ ಇಡೀ ದಿನ ಕೂತರಂತೆ, ಯಾರದೋ ಕಡತ ಹಿಂದಕ್ಕೆ ಹೋಯಿತಂತೆ — ಶುಕ್ರವಾರದ ಊಟಗಳಲ್ಲಿ ಕೇಳಿದ್ದೆಲ್ಲ ಒಟ್ಟಿಗೆ ನೆನಪಾಯಿತು. ಸುಮಿತ್ರಾ ಬರುತ್ತಾಳೆಂದು ಕೊಂಡಿಟ್ಟ ಎರಡನೆಯ ತಟ್ಟೆ ನೆನಪಾಯಿತು. ಇದನ್ನು ನೆಪವಾಗಿ ಬರೆಯುತ್ತಿಲ್ಲ. ಆ ಹೊತ್ತಿಗೆ ತಲೆಯಲ್ಲಿ ಏನಿತ್ತೋ ಅದನ್ನು ಬರೆಯುತ್ತಿದ್ದೇನೆ. ದ್ವೀಪದಲ್ಲಿ ಗಾಡಿ ನಿಲ್ಲಿಸಿದೆ. ಎಸೆದೆ.

ಸಾಲಿನಲ್ಲಿ ನನ್ನ ಸರದಿ ಬಂದಾಗ ಅಧಿಕಾರಿ ಬಿಡಿಭಾಗದ ಪೆಟ್ಟಿಗೆ ನೋಡಿ, ಕಂಪನಿಯ ಕಾಗದ ನೋಡಿ, “ಯಲ್ಲಾ” ಎಂದು ಮುಂದೆ ಹೋಗುವಂತೆ ಕೈಬೀಸಿದ. ಸೀಟಿನ ಕಡೆ ಕಣ್ಣೂ ಹಾಯಿಸಲಿಲ್ಲ.

ಶನಿವಾರ ಬೆಳಿಗ್ಗೆ ಡಗ್ಲಸ್ ನನ್ನ ಮೇಜಿನ ಬಳಿಯೇ ಕಾಯುತ್ತಿದ್ದರು. ನಾನು ಚೀಲ ಇಡುವ ಮೊದಲೇ ಹೇಳಿಬಿಟ್ಟೆ. “ಕಸ್ಟಮ್ಸ್‌ನವರು ತೆಗೆದುಕೊಂಡರು.” ಅಲ್ಲಿಗೆ ನಿಲ್ಲಿಸಿದ್ದರೆ... ನಿಲ್ಲಿಸಲಿಲ್ಲ. ಒಳಗೇನಿದೆಯೆಂದು ಕೇಳಿದರು, ನನಗೆ ಗೊತ್ತಿಲ್ಲ ಎಂದೆ, ರಸೀದಿ ಕೊಡಲಿಲ್ಲ — ಇದನ್ನೂ ಸೇರಿಸಿದೆ. ಡಗ್ಲಸ್ ನನ್ನ ಹೆಗಲ ಮೇಲೆ ಕೈಯಿಟ್ಟು, “ನಿನಗೆ ಭಯವಾಗಿರಬೇಕು. ನಾನು ನಿನ್ನ ಕೈಯಲ್ಲಿ ತರಿಸಬಾರದಿತ್ತು,” ಎಂದರು. ಕ್ಷಮೆ ಕೇಳಿದವರು ಅವರು.

ಆಮೇಲಿನ ಮೂರು ಗುರುವಾರ, ಅರಬ್ಬಿಯಲ್ಲಿ ಬರೆಸಿದ ಅರ್ಜಿ ಹಿಡಿದು ಅವರು ದ್ವೀಪಕ್ಕೆ ಹೋದರು. ಒಬ್ಬ ವಯಸ್ಸಾದ ಅಧಿಕಾರಿ ಚಹಾ ಕೊಟ್ಟು, ತಾನೇ ಎದ್ದು ಕಪಾಟುಗಳನ್ನೆಲ್ಲ ತೆಗೆದು ಹುಡುಕಿದನಂತೆ. ಆ ದಿನ ಭಾರತೀಯನೊಬ್ಬನಿಂದ ಕ್ಯಾಸೆಟ್ ತೆಗೆದುಕೊಂಡದ್ದೇ ಇಲ್ಲ ಎಂದನಂತೆ. “ಹಾಗೆನ್ನದೆ ಇನ್ನೇನು ಹೇಳುತ್ತಾನೆ,” ಎಂದರು ಡಗ್ಲಸ್, ವಾಪಸು ಬಂದು. ಸತ್ಯ ಹೇಳಿದ ಒಬ್ಬ ಮನುಷ್ಯ ನನ್ನಿಂದಾಗಿ ಸುಳ್ಳುಗಾರನಾದ. ನಾನು ಮಾಪಕದ ಮುಳ್ಳು ನೋಡುತ್ತ ಕುಳಿತಿದ್ದೆ.

ಇಲ್ಲಿಯವರೆಗಿನದನ್ನು ಭಯ ಎನ್ನಬಹುದೇನೋ. ಮುಂದಿನದಕ್ಕೆ ನನ್ನಲ್ಲಿ ಹೆಸರಿಲ್ಲ.

ಒಂದು ತಿಂಗಳ ನಂತರ, ಊಟದ ಬಿಡುವಿನಲ್ಲಿ, ಡಗ್ಲಸ್ ತಮ್ಮ ಡಬ್ಬಿ ತೆರೆಯದೆ ಕುಳಿತಿದ್ದರು. ಮಗಳೊಡನೆ ಫೋನಿನಲ್ಲಿ ಮಾತಾಡಿದ್ದರು. “ನಾನು ನೋಡಿದ್ದೇನೆ, ಹೇಳಲು ಮನಸ್ಸಿಲ್ಲ ಎಂದುಕೊಂಡಿದ್ದಾಳೆ,” ಎಂದರು. “ತಾಗಿರಲಿಲ್ಲ ಅಂತ ಕಂಡಿರಬೇಕು, ಅದಕ್ಕೇ ಕಸ್ಟಮ್ಸ್ ಕಥೆ ಹೇಳ್ತಿದ್ದೀಯ ಅಂತಾಳೆ. ಇನ್ನು ಆಡುವುದಿಲ್ಲವಂತೆ.” ಆಮೇಲೆ ನನ್ನತ್ತ ತಿರುಗಿದರು. “ಚಿತ್ರ ಬರುತ್ತದೆಯೇ ಅಂತ ನೋಡಿದೆಯಲ್ಲ ನೀನು. ಕೊನೆಯವರೆಗೆ ನೋಡಿರಲಿಲ್ಲ, ಅಲ್ಲವೇ?”

ಉತ್ತರ ನನ್ನ ಬಳಿಯಿತ್ತು. ಇಡೀ ಭೂಮಿಯ ಮೇಲೆ ಇಬ್ಬರ ಬಳಿ ಮಾತ್ರ ಇತ್ತು, ಇನ್ನೊಬ್ಬರಾದ ಹಮೀದರಿಗೆ ಅದು ಅವಳ ಅಪ್ಪನಿಗೆ ಮುಟ್ಟಿಲ್ಲವೆಂದೇ ಗೊತ್ತಿರಲಿಲ್ಲ. ಆದರೆ ಒಳಗೇನಿದೆಯೋ ಗೊತ್ತಿಲ್ಲ ಎಂದು ಅಧಿಕಾರಿಗೆ ಹೇಳಿದ್ದಾಗಿ ನಾನು ಕಥೆ ಕಟ್ಟಿದ್ದೆನಲ್ಲ, ಆ ಕಥೆ ಕೆಡಬಾರದು. ನಾಲ್ಕು ಬದಲಿ ಮಾತು ಹೇಳಿ ಸರಿಪಡಿಸಬಹುದಿತ್ತು. ಆ ಹೊತ್ತಿಗೆ ಅದೂ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಬೇಡವೆನಿಸಿತೋ.

“ಇಲ್ಲ,” ಎಂದೆ. “ಒಂದು ನಿಮಿಷ ನೋಡಿದೆ ಅಷ್ಟೆ.”

ಡಗ್ಲಸ್ ತಲೆಯಾಡಿಸಿ ಡಬ್ಬಿ ತೆರೆದರು.

ಸುಮಿತ್ರಾಳ ವೀಸಾ ಬಂತು. ಅವಳು ಬಂದ ದಿನ ಡಗ್ಲಸ್ ಚಹಾದ ಕೆಟಲ್ ಒಂದನ್ನು ಉಡುಗೊರೆಯಾಗಿ ತಂದುಕೊಟ್ಟರು. ಮುಂದಿನ ವರ್ಷ ಒಪ್ಪಂದ ಮುಗಿಸಿ ಊರಿಗೆ ಹೋಗುವಾಗ ನನ್ನ ದಿನಚರಿಯ ಕೊನೆಯ ಪುಟದಲ್ಲಿ ತಮ್ಮ ವಿಳಾಸ ಬರೆದರು. ಆ ಸುಳ್ಳಿನ ಪುಟವಿದ್ದ ಅದೇ ಪುಸ್ತಕದಲ್ಲಿ. ಕನ್ನಡ ಅವರಿಗೆ ಓದಲು ಬರುವುದಿಲ್ಲವೆಂದು ನಾನು ನಿಶ್ಚಿಂತೆಯಿಂದ ಅವರ ಕೈಗೆ ಕೊಟ್ಟಿದ್ದೆ. ಸುಮಿತ್ರಾಗೂ ಏನೂ ಹೇಳಲಿಲ್ಲ. ಆ ಕೆಟಲ್‌ನಲ್ಲಿ ಅವಳು ಚಹಾ ಮಾಡುವಾಗ ನಾನು ಎದ್ದು ಇನ್ನೊಂದು ಕೋಣೆಗೆ ಹೋಗುತ್ತಿದ್ದೆ. ಅವಳು ಬಂದ ಮೇಲೂ ಅಲ್ಲಿ ಒಬ್ಬನೇ ಇದ್ದೆ ಅನಿಸುತ್ತದೆ.

ಕಳೆದ ತಿಂಗಳು ಹಳೆಯ ದಿನಚರಿಗಳನ್ನು ಜೋಡಿಸುತ್ತ ಆ ಪುಟ ಓದಿದೆ. ಓದುತ್ತ ಓದುತ್ತ — ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ — ಒಂದು ಗಳಿಗೆ ಅದನ್ನು ನಂಬಿದೆ. ಅಧಿಕಾರಿ ಕೈ ಚಾಚಿದ್ದು, ಪೊಟ್ಟಣ ಬಿಚ್ಚಿದ್ದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಇನ್ನು ಹತ್ತು ವರ್ಷ ಬದುಕಿದರೆ ಅದೇ ನಿಜವಾಗಿಬಿಡುತ್ತದೆ. ಹೆದರಿ ಹಮೀದರಿಗೆ ಫೋನ್ ಮಾಡಿದೆ. ಅವರು ಪುತ್ತೂರಿಗೆ ಮರಳಿ ಬಹಳ ಕಾಲವಾಗಿದೆ. ನಾನಾಗಿ ಏನನ್ನೂ ನೆನಪಿಸಬಾರದೆಂದು, ಮನಾಮಾದ ಅಂಗಡಿಯಲ್ಲಿ ನಾವೊಂದು ಆಟದ ಕ್ಯಾಸೆಟ್ ನೋಡಿದ್ದು ನೆನಪಿದೆಯೇ ಎಂದಷ್ಟೇ ಕೇಳಿದೆ.

“ಯಾವ ಕ್ಯಾಸೆಟ್ ಸಾರ್? ಸಾವಿರ ಕ್ಯಾಸೆಟ್ ನೋಡಿದ್ದೇನೆ ನಾನು.” ಆಮೇಲೆ ನಕ್ಕರು. “ಓ, ಆ ಗುಡಿಸುವ ಹುಡುಗಿಯರದ್ದಾ? ತಾಗಿತ್ತಲ್ಲ ಅದು. ಹಿಡಿಕೆ ಅದುರಿದ್ದು ಮೊದಲು ನೋಡಿದ್ದು ನಾನು ಮಾರಾಯ್ರೆ, ನೀವಲ್ಲ.” ಜೊತೆಗೇ ಕೇಳಿದರು. “ಅವಳ ಅಪ್ಪನಿಗೆ ಮುಟ್ಟಿಸಿದಿರಲ್ಲ?”

“ಇಲ್ಲ,” ಎಂದೆ. “ಎಸೆದೆ.”

ಯಾಕೆಂದು ಅವರು ಕೇಳಲಿಲ್ಲ. “ಆ ಮಗು ಕಾಯ್ತಾ ಇತ್ತಲ್ಲ ಸಾರ್,” ಎಂದರು.

ದಿನಚರಿಯ ಆ ಸಾಲುಗಳನ್ನು ನಾನು ಹೊಡೆದುಹಾಕಿಲ್ಲ. ಅವು ನಾನು ಬರೆದದ್ದು, ಇರಲಿ. ಕೆಳಗೆ ಉಳಿದ ಜಾಗದಲ್ಲಿ ಇಂದಿನ ತಾರೀಖು ಹಾಕಿ ನಡೆದದ್ದನ್ನು ಬರೆದಿದ್ದೇನೆ. ಸುಮಿತ್ರಾಗೆ ಓದಿ ಹೇಳಿದೆ. ಕೊನೆಯ ಪುಟದ ವಿಳಾಸದಲ್ಲಿ ಈಗ ಯಾರಿದ್ದಾರೋ ತಿಳಿಯದು. ಡಗ್ಲಸ್‌ಗೆ ಎಂಬತ್ತು ದಾಟಿರಬೇಕು. ಕೆರಿಗೆ ಐವತ್ತರ ಹತ್ತಿರ. ಅವಳು ಆಮೇಲೆ ಆಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಪತ್ರವನ್ನು ಅವಳ ಹೆಸರಿಗೇ ಬರೆದಿದ್ದೇನೆ. ಮೊದಲು ನನ್ನ ಕ್ಷಮೆಯಿಂದ ಶುರುಮಾಡಿ ಎರಡು ಹಾಳೆ ತುಂಬಿಸಿದ್ದೆ. ಅವನ್ನು ಹರಿದುಹಾಕಿದೆ. ಅವಳು ಕೇಳಿದ್ದು ನನ್ನ ವಿಷಯವನ್ನಲ್ಲ.

ಈಗ ಪತ್ರ ಹೀಗೆ ಆರಂಭವಾಗುತ್ತದೆ: ಕೆರಿ, ನಿನ್ನ ಪೊರಕೆ ಕಲ್ಲಿಗೆ ತಾಗಿತ್ತು. ನಾನು ನೋಡಿದ್ದೆ. ನಿನ್ನ ಅಪ್ಪ ನೋಡಿರಲಿಲ್ಲ.