ಸಮುದ್ರದ ಕಡೆಯ ಪತ್ರ

ಸ್ಟುಟ್‌ಗಾರ್ಟಲ್ಲಿ ನನ್ನ ಕಾಲೇಜಿನ ಗೆಳೆಯ ಪ್ರಭಾಕರ ತೀರ್ಕೊಂಡ. ಮೊದಲು ಓಟಗಾರ, ಆಮೇಲೆ ನೇವಿ, ಕೊನೆಗೆ ನನ್ನ ಹಾಗೇ ಜರ್ಮನಿಗೆ ಬಂದು ಇಲ್ಲಿ ಪಂಪಿನ ವ್ಯಾಪಾರ. ಉಡುಪಿಯಿಂದ ಅವನ ಹೆಂಡತಿ ಫೋನ್ ಮಾಡಿ, "ಬೂದಿ ಮಲ್ಪೆ ಸಮುದ್ರಕ್ಕೆ ಬಿಡ್ಬೇಕು, ನೀವೇ ತನ್ನಿ ಅಣ್ಣಾ" ಅಂದ್ರು. ನಾನು ಮನೆಯ ಲಾಡು ಡಬ್ಬಿ ತೊಳ್ಕೊಂಡು ಸ್ಮಶಾನದ ಆಫೀಸಿಗೆ ಹೋದೆ.

ಅಲ್ಲಿದ್ದ ಹೆಂಗಸು ಡಬ್ಬಿ ನೋಡಿ, "ಬೂದಿ ಕೈಗೆ ಕೊಡಲ್ಲ, ಇಲ್ಲಿನ ಕಾನೂನು. ನಿಮ್ಮೂರಿನ ಸ್ಮಶಾನದವರು ಹೂಳೋಕೆ ಜಾಗ ಇದೆ ಅಂತ ಪತ್ರ ಕೊಡ್ಲಿ" ಅಂದ್ರು.

"ಸಮುದ್ರಕ್ಕೆ ಬಿಡೋದು ಮೇಡಂ."

"ಹಾಗಾದ್ರೆ ಸಮುದ್ರದ ಕಡೆಯವರ ಪತ್ರ ತನ್ನಿ."

ಫೋನಲ್ಲಿ ಅವನ ಹೆಂಡತಿಗೆ ಹೇಳಿದೆ. "ನೇವಿಲಿದ್ದಾಗ್ಲೂ ರಜೆ ಮಂಜೂರಾಗ್ಲಿ ಅಂತ ಹೀಗೇ ಕಾಯ್ತಿದ್ದೆ" ಅಂದ್ರು.

ನಾನೂರು ಮೀಟರ್ ಓಟದಲ್ಲಿ ನಮಗ್ಯಾರಿಗೂ ಸಿಗದವನು ಇನ್ನೂ ಆ ಸ್ಮಶಾನದ ಆಫೀಸಿನ ಕಪಾಟಲ್ಲಿದ್ದಾನೆ. ಡಬ್ಬಿ ಖಾಲಿಯೇ ವಾಪಸ್ ಬಂತು, ಆದ್ರೂ ನನ್ನ ಹೆಂಡತಿ ಅದ್ರಲ್ಲಿ ಲಾಡು ತುಂಬೋಕೆ ಒಪ್ತಿಲ್ಲ.