ಮಗ್ಗದ ದಂಡಿ ಮ್ಯಾಲಿನ ಅರಿವಿ

ನಾನು ಬನಹಟ್ಟಿಗೆ ಸೊಸಿಯಾಗಿ ಬಂದು ಇನ್ನೂ ಮೈಮ್ಯಾಲಿನ ಅರಿಷಿಣ ಆರಿರಲಿಲ್ಲ, ನಮ್ಮ ಮಾವನವರ ತೊಡಿಗೆ ಕುರು ಎದ್ದುವು. ಒಂದು ಒಡದ್ರ ಮತ್ತೊಂದು. ಮುಂಬೈ ಸರಕಾರದ ಕಾಲ ಅದು, ಮಗ್ಗ ನಿಂತ್ರ ಮನಿ ಒಲಿ ನಿಲ್ತಿತ್ತು. ಕುಂಡ್ರಾಕ ಬರದ ಮಾವ ಬೋರಲ ಮಲಗಿದ್ರು. ನಮ್ಮತ್ತಿ ಓಣಿ ಮಂದಿ ಮುಂದ "ಸೊಸಿ ಕಾಲ್ಗುಣ" ಅಂದ್ರು. ಮಗಳನ್ನ ಕರಕೊಂಡು ಹೋಗ್ರಿ ಅಂತ ಮುಧೋಳಕ್ಕ ನಮ್ಮಪ್ಪಗ ಹೇಳಿ ಕಳಿಸಿದ್ರು. ಹಂಗ ಹೋದವರನ್ನ ತಿರುಗಿ ಯಾರೂ ಕರಿಯೂದಿಲ್ಲ, ನನಗ ಗೊತ್ತಿತ್ತು.

ಸಿಟ್ಟಂದ್ರ ಸಿಟ್ಟು ಬಂತು ನನಗ. ಗಂಡಗ ಗಂಟು ಬಿದ್ದು, ಮಾವನ್ನ ಕರಕೊಂಡು ಮೂವರೂ ಜಮಖಂಡಿ ದವಾಖಾನಿಗೆ ಹೋದ್ವಿ. ಡಾಕ್ಟರಿಗೆ ನಾನ ಕೇಳಿದೆ, "ಈ ರೋಗ ನಾನು ತಂದೇನೇನ್ರಿ?"

ಅವರು ನಕ್ಕರು. "ಯಾರೂ ತಂದಿಲ್ಲ ಯವ್ವಾ. ಕಣ್ಣಿಗೆ ಕಾಣದ ಜಂತು ಎಲ್ಲಾರ ತೊಗಲ ಮ್ಯಾಲೂ ಇರ್ತಾವ, ನನ್ನ ಮ್ಯಾಲೂ ಅದಾವ. ಸುಮ್ಮನಿರ್ತಾವ. ತೊಗಲು ತಿಕ್ಕಿ ಸುಲೀತಂದ್ರ ಒಳಗ ಹೊಕ್ಕು ಕೀವು ಮಾಡ್ತಾವ."

ತಿಕ್ಕೂದು ಎಲ್ಲಿ? ಮಾವ ದಿನಾ ಕಾಲು ಇಳಿಬಿಟ್ಟು ಕುಂಡ್ರೂ ಕುಣಿ ಮಗ್ಗದ ದಂಡಿ ಮ್ಯಾಲ, ಮತ್ತೆಲ್ಲಿ! ಅಲ್ಲಿ ಮಡಚಿ ಹಾಸಿದ ಹಳೇ ಧೋತರ ಬೆವರು, ಗಂಜಿ ಕುಡದು ಬಿರುಸಾಗಿತ್ತು. ಮಗ್ಗಕ್ಕ ಏರಿಸಿದ ಹಾಸಿನ ನೂಲು ನೇದು ಇಳಿಸೂತನಕ ಆ ಅರಿವಿ ತೊಳೀಬಾರದು, ತೊಳದ್ರ ಎಳಿ ಹರೀತಾವ ಅನ್ನೂದು ಆ ಮನಿ ಪದ್ಧತಿ.

ಮರುದಿನ ಅದನ್ನ ಎಳಕೊಂಡು ಸೋಡಾ ಹಾಕಿ ಕುದಿಯಾಕ ಇಟ್ಟೆ. ಅತ್ತಿ ಒಲಿಗೆ ಅಡ್ಡ ಬಂದ್ರು.

"ಎಳಿ ಹರದ್ರ?"

"ಹರದ್ರ ನಾ ಗಂಟು ಹಾಕ್ತೀನ್ರಿ. ಸರೀರಿ ಅತ್ತಿ, ಕೈ ಸುಟ್ಟೀತು."

ದಿನಾ ಕುದಿಸಿದೆ. ಕುರುವಿಗೆ ಕಟ್ಟಿದ ಪಟ್ಟಿನೂ ಕುದಿಸಿದೆ. ಅತ್ತಿ ಮಾತು ಬಿಟ್ರು. ಬಿಡಲಿ ಅಂದೆ. ಮಾವನ ಬದಲಿ ಗಂಡ ನೇಯಾಕ ಕುಂತಾಗ ಎಳಿ ಹರದುವು, ಖರೆ. ಅವು ತೊಳೀದಿದ್ದಾಗೂ ಹರೀತಿದ್ದುವು.

ಹದಿನೈದು ದಿನ ಬಿಟ್ಟು ಅಪ್ಪ ಬಂದಾಗ ಹಳೇ ಕುರು ಒಣಗಿದ್ದುವು, ಹೊಸಾವು ಎದ್ದಿರಲಿಲ್ಲ. ಆದರೂ ಅತ್ತಿ ನನ್ನ ಸೀರಿ ಗಂಟು ಕಟ್ಟಿ ಬಾಗಲದಾಗ ಇಟ್ಟಿದ್ರು. ಅಪ್ಪ ತಲಿ ತಗ್ಗಿಸಿ ಅದನ್ನ ಎತ್ತಿಕೊಂಡ್ರು.

ಮಾವ ಎದ್ರು. ಗ್ವಾಡಿ ಹಿಡಕೋತ ಹಿತ್ತಲಕ್ಕ ಹೋಗಿ, ಒಣಗಿದ ಅರಿವಿ ತಂದು ದಂಡಿ ಮ್ಯಾಲ ತಾವ ಹಾಸಿ, ಕುಣ್ಯಾಗ ಕಾಲು ಬಿಟ್ಟು ಕುಂತ್ರು. ಲಾಳಿ ಕೈಯಾಗ ಹಿಡದು ಅಂದ್ರು:

"ಬೀಗರ, ಆ ಗಂಟು ಕೆಳಗಿಡ್ರಿ. ನಾಳೆ ಅರಿವಿ ಕುದಸಾಕ ನಮಗ ಹುಡುಗಿ ಬೇಕು."