ಬೆರ್ಚಪ್ಪ ತುಂಬಿಸಿದ ಲ್ಯಾಪ್‌ಟಾಪ್

ಕಾಫಿ ಕೊಯ್ಯುವವರೆಲ್ಲ ಜೀಪು ಹತ್ತಿ ಕೂತಿದ್ದಾರೆ, ನನ್ನ ಲಿನಕ್ಸ್ ಲ್ಯಾಪ್‌ಟಾಪ್ ಒಳಗೇ ಬಿಡುತ್ತಿಲ್ಲ! ಪಾಸ್‌ವರ್ಡ್ ಹಾಕಿದರೆ ಮತ್ತೆ ಪಾಸ್‌ವರ್ಡನ್ನೇ ಕೇಳುತ್ತದೆ. ಮೂಡಿಗೆರೆ ಹತ್ತಿರದ ನಮ್ಮ ತೋಟಕ್ಕೆ ಆನೆ ಕಾಟ. ಕೆಳಗಿನ ತೋಟದಲ್ಲಿಟ್ಟ ಕ್ಯಾಮೆರಾವನ್ನು ಲ್ಯಾಪ್‌ಟಾಪಲ್ಲಿ ನೋಡದೆ ನಾನು ಯಾರನ್ನೂ ಅಲ್ಲಿಗೆ ಕಳಿಸುವುದಿಲ್ಲ.

ಬರೀ ಅಕ್ಷರಗಳ ಕಪ್ಪು ಪರದೆಗೆ ಹೋದೆ. ಅಲ್ಲಿ ಒಳಗೆ ಬಿಟ್ಟಿತು! ಜಾಗ ಎಷ್ಟಿದೆ ಎಂದು ನೋಡಲು ‘ಡಿಎಫ್’ ಎಂದು ಟೈಪ್ ಮಾಡಿದರೆ, ಡಿಸ್ಕ್ ಪೂರ್ತಿ ಭರ್ತಿ. ಜಾಗವಿಲ್ಲದ್ದಕ್ಕೇ ಪಾಸ್‌ವರ್ಡ್ ಸರಿಯಿದ್ದರೂ ತೆರೆಯುತ್ತಿರಲಿಲ್ಲ. ಎದುರಿಗೆ ಏನೇ ಅಲುಗಾಡಿದರೂ ಕ್ಯಾಮೆರಾ ವಿಡಿಯೊ ತೆಗೆದು ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಮಂಗ ಓಡಿಸಲು ಮೇಸ್ತ್ರಿ ಸುಂದ್ರಣ್ಣ ಅದರೆದುರೇ ಬೆರ್ಚಪ್ಪ, ಅಂದರೆ ಬೆದರುಗೊಂಬೆ, ನಿಲ್ಲಿಸಿ, ಸೀರೆ ಬೇರೆ ಉಡಿಸಿದ್ದರು. ಗಾಳಿಗೆ ಸೆರಗು ಹಾರಿದಾಗಲೆಲ್ಲ ಒಂದು ವಿಡಿಯೊ!

ಅವನ್ನೆಲ್ಲ ಅಳಿಸಿ ಮತ್ತೆ ಪಾಸ್‌ವರ್ಡ್ ಹಾಕಿದೆ. ತೆರೆಯಿತು! ಕ್ಯಾಮೆರಾ ನೋಡಿದರೆ, ಬೆರ್ಚಪ್ಪನ ಸೆರಗನ್ನು ಸೊಂಡಿಲಲ್ಲಿ ಹಿಡಿದು ಒಂಟಿ ಸಲಗ ನಿಂತಿದೆ.

ನನ್ನ ಹಿಂದೆಯೇ ನಿಂತಿದ್ದ ಸುಂದ್ರಣ್ಣ ಡ್ರೈವರಿಗೆ ಕೂಗಿದರು: “ಜೀಪು ಆಫ್ ಮಾಡೋ ಮಾರಾಯ!”

ಬೆರ್ಚಪ್ಪ ಈಗ ಕ್ಯಾಮೆರಾದ ಹಿಂದಿದೆ. ಆದರೂ ದಿನಾ ಬೆಳಿಗ್ಗೆ ಜನರನ್ನು ಜೀಪು ಹತ್ತಿಸುವ ಮೊದಲು ಸುಂದ್ರಣ್ಣ ಕಿಟಕಿಯಲ್ಲಿ ಇಣುಕುತ್ತಾರೆ: “ಅಮ್ಮಾ, ಡಿಸ್ಕಲ್ಲಿ ಜಾಗ ಇದ್ಯಾ? ಜನ ಕಳಿಸ್ಲಾ?”